ಹಾಸಿಗೆ ಇರುವ ವ್ಯಾನು

ಇವರೇ,

ಸಂಜೆ ಏಳು ಗಂಟೆ. ಇವತ್ತು ಮಗಳು ಪ್ರೇಕ್ಷಾಳ ಜೊತೆ ಕಳಂಬೋಲಿಯ ಗ್ಯಾರೇಜಿಗೆ ಹೋಗಿ, ಒಲೆ, ಹಾಸಿಗೆ ಕೂರಿಸಿದ ವ್ಯಾನನ್ನು ನೋಡಿ ಬಂದೆ. ಅವಳೇ ಓಡಿಸಿ ನೋಡಿದಳು. ಮನೆಗೆ ಬಂದರೆ, ವಿಷಯ ತಿಳಿದು ನಿಮ್ಮ ತಮ್ಮ ಶೈಲೇಶ್ ಕಾಯುತ್ತಿದ್ದ.

"ಅತ್ತಿಗೆ, ಅಣ್ಣನ ವರ್ಷಾಂತಿಕ ಆಗದೆ ಗಾಡಿ ತರ್ಲಿಕ್ಕುಂಟಾ? ಜನ ಎಂತ ಹೇಳಿಯಾರು?"

ಮೈ ಉರಿಯಿತು. ಪ್ರತಿ ದಸರೆಗೂ ಎಲ್ಲಿಗಾದರೂ ಹೋಗೋಣವೆಂದು ನಾನು ಕೇಳಿದಾಗ ನೀವು, "ರಿಟೈರ್ ಆಗ್ಲಿ ಮಾರಾಯ್ತಿ, ಮತ್ತೆ ಊರೆಲ್ಲ ಸುತ್ತುವ" ಎನ್ನುತ್ತಿದ್ದಿರಿ. ರಿಟೈರಾಗಲು ಆರು ತಿಂಗಳಿರುವಾಗ ಹೊರಟೇ ಹೋದಿರಿ. ಈಗ ಇವನೂ ಕಾಯಲು ಹೇಳುತ್ತಾನೆ!

"ಕಾದು ಕಾದು ನಿನ್ನ ಅಣ್ಣ ಎಂತ ಕಂಡ್ರು?" ಎಂದೆ. ಚಹಾ ಕುಡಿಯದೆ ಎದ್ದುಹೋದ.

ಹಾಸಿಗೆ ಇಬ್ಬರಿಗಾಗುವಷ್ಟಿದೆ. ಕಿರಿದು ಮಾಡಿಕೊಡಲೇ ಎಂದು ಗ್ಯಾರೇಜಿನವರು ಕೇಳಿದರು. ಬೇಡವೆಂದೆ.

ನಾಳೆ ಹತ್ತು ಗಂಟೆಗೆ ಗ್ಯಾರೇಜು ತೆರೆಯುತ್ತದೆ.