ನೀರು ತಾಗಿದ ಬ್ಯಾಜುಗಳು

ಇಸಳೂರು, ಶಿರಸಿ
೧೯ ಜನವರಿ ೨೦೨೫

ಗೆಳೆಯ ಸೀತಾರಾಮ,

ನಿನಗೂ ಮನೆಯವರಿಗೂ ಕೆರಿಯನ ನಮಸ್ಕಾರ. ನಿನ್ನ ಡಬ್ಬ ನನ್ನ ಕೈ ಸೇರಿ ಇಪ್ಪತ್ತು ದಿನ ಆಯಿತು, ಉತ್ತರ ಬರೆಯಲಿಲ್ಲ. ಸಿಟ್ಟಾಗಬೇಡ. ಫೋನು ಎತ್ತಲಿಲ್ಲ ಅಂತಲೂ ಮಗಳು ಶ್ರೀವಾಣಿ ಹತ್ತಿರ ದೂರಿದೆಯಂತೆ. ಫೋನಿನಲ್ಲಿ ನೀನು ಮಾತಾಡಲು ಶುರು ಮಾಡಿದರೆ ನಾನು ಬರೀ ‘ಹೌದು’ ಅನ್ನುವವನಾಗುತ್ತೇನೆ. ಅದಕ್ಕೇ ಈ ಕಾಗದ. ಮೂರು ಸಲ ಕೂತು ಮೂರು ಸಲ ಎದ್ದಿದ್ದೇನೆ. ಮಮತಾ ಬೈಯುತ್ತಾಳೆ: “ಅಪ್ಪ, ಒಂದೋ ಕೂತ್ಕ, ಇಲ್ದಿದ್ರೆ ಹೊರಗೆ ಹೋಗು. ನೀ ಓಡಾಡದು ನೋಡಿ ನಂಗೆ ತಲೆ ತಿರುಗ್ತದೆ.”

ಮೊದಲು ಕೆಲಸದ ಸುದ್ದಿ. ಡಬ್ಬದಲ್ಲಿ ಮೂವತ್ತೊಂದು ಬ್ಯಾಜು ಇದ್ದವು. ಶಿರಸಿ ಬಸ್‌ಸ್ಟ್ಯಾಂಡಿನ ಎದುರು ಸೋವಿಯತ್ ಪುಸ್ತಕದ ವ್ಯಾನು ನಿಂತಾಗ ನಾವಿಬ್ಬರೂ ಮುಗಿಬಿದ್ದು ಪುಸ್ತಕ ಕೊಂಡು, ವ್ಯಾನಿನವನ ಹತ್ತಿರ ಬೇಡಿ ತಂದವು. ಗುಂಗುರು ಕೂದಲಿನ ಮಗುವಿನ ಮುಖದ ನಕ್ಷತ್ರ, ರಾಕೆಟ್ಟು, ಒಲಿಂಪಿಕ್ಸಿನ ಕರಡಿ, ಗೋಧಿ ತೆನೆ. ನಾನು ಆಮೇಲೆ ಗೋವಾದ ಬುಧವಾರದ ಸಂತೆಯಲ್ಲಿ ರಷ್ಯಾದವರಿಂದ ಕೊಂಡವು ನನ್ನ ಹತ್ತಿರ ಬೇರೆಯೇ ಇವೆ. ಅದರಲ್ಲೊಂದು ದುಡಿದವರಿಗೆ ಕೊಡುವ ಪದಕ. ಯಾವ ಕಾರ್ಖಾನೆಯಲ್ಲಿ ಯಾರು ಬೆನ್ನು ಮುರಿದುಕೊಂಡು ಗಳಿಸಿದ್ದೋ, ಕೊನೆಗೆ ಸಂತೆಯಲ್ಲಿ ಬಳೆಗಳ ಪಕ್ಕ ಬಿದ್ದಿತ್ತು. ಒಂದು ದೇಶವೇ ಕರಗಿಹೋದ ಮೇಲೆ ಅದರ ಮೆಚ್ಚುಗೆಯ ಗತಿ ಇದು. ನಾನದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ನೀನು ನಗುತ್ತೀಯ. ನಗು.

ಒಂದು ತಪ್ಪು ಮಾಡಿದೆ, ಹೇಳಿಬಿಡುತ್ತೇನೆ. ಮೊದಲ ನಕ್ಷತ್ರವನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದೆ. ನಮ್ಮವ್ವ ಹೊನ್ನಿ ನಿಮ್ಮ ಮನೆ ಹಿತ್ತಿಲಲ್ಲಿ ಕೂತು ನಿಮ್ಮ ಹಿತ್ತಾಳೆ ಪಾತ್ರೆಗಳನ್ನು ಹಾಗೇ ತಿಕ್ಕುತ್ತಿದ್ದಳಲ್ಲ, ಕೈಗೆ ಅದೇ ಬಂತು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನಿಗೆ ಹಿತ್ತಾಳೆ ಯಾವುದು, ಅಲ್ಯೂಮಿನಿಯಂ ಯಾವುದು ತಿಳಿಯಲಿಲ್ಲ! ಚಿನ್ನದ ಬಣ್ಣ ಪೂರಾ ಎದ್ದುಹೋಯಿತು. ಮಗುವಿನ ಮುಖ ಬೋಳು ತಗಡಾಗಿ ನನ್ನನ್ನೇ ನೋಡಿತು. ಒಂದನ್ನು ಬಿಟ್ಟು ಉಳಿದವನ್ನು ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಮುಂಭಾಗ ಮಾತ್ರ ಒರೆಸಿ, ಹಿಂದಿನ ಪಿನ್ನಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಬ್ಯಾಜಿನ ಬೆನ್ನಿಗೆ ನೀರು ಹೋಗಬಾರದು. ಹೋದರೆ ಪಿನ್ನಿನ ಬುಡದಲ್ಲಿ ನಿಲ್ಲುತ್ತದೆ. ಕಬ್ಬಿಣದ ಪಿನ್ನು, ಒಳಗಿಂದ ತಿನ್ನುತ್ತದೆ.

ಇಷ್ಟು ಬರೆದು ಮತ್ತೆ ಎದ್ದು ಬಂದೆ.

ಡಬ್ಬದ ಜೊತೆ ಶ್ರೀವಾಣಿ ತಂದ ಇನ್ನೊಂದು ವಸ್ತು ಆ ಕಾರ್ಡು. ಮುಂದಿನ ಭಾನುವಾರ ಶಿರಸಿಯಲ್ಲಿ ಗೇಣಿದಾರರ ಹೋರಾಟದ ಪ್ರದರ್ಶನ, ಗಾಜಿನ ಪೆಟ್ಟಿಗೆಯಲ್ಲಿ ಬ್ಯಾಜು, ಪಕ್ಕದಲ್ಲಿ ಕಾರ್ಡು, ಕಾರ್ಡಿನ ಕೆಳಗೆ ನಿನ್ನ ಸಹಿ, ನನ್ನ ಸಹಿ. “ಕೆರಿಯಣ್ಣ, ಓದಿ ಸಹಿ ಹಾಕ್ಬಿಡಿ, ಅಪ್ಪ ಕಾಯ್ತಾ ಇದ್ದ” ಅಂದಳು. ಓದಿದೆ.

‘೧೯೮೬ರಲ್ಲಿ ಸಿದ್ದಾಪುರದ ಮೆರವಣಿಗೆಯ ದಿನ, ಹೆಗ್ಗರಣೆ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಕೆರಿಯ ಈ ಬ್ಯಾಜುಗಳನ್ನು ಬೆಳಗಿದ. ಅವನ್ನು ಒಳಗೆ ಒಯ್ಯುವ ಮೊದಲು, ನನ್ನ ತಾಯಿಯ ಮಾತಿಗೆ ಮಣಿದು, ನಾನು ಅವುಗಳ ಮೇಲೆ ನೀರು ಹೊಯ್ದೆ. ಜಾತಿ ಎಂದರೇನೆಂದು ಆ ಕ್ಷಣ ನನಗೆ ಅರ್ಥವಾಯಿತು.’

ಅರ್ಥವಾಗಿದ್ದು ನಿನಗೆ. ಒದ್ದೆಯಾಗಿದ್ದು ನನ್ನ ದುಡಿಮೆ. ಗಾಜಿನೊಳಗೆ ಕೂರುವುದು ನಿನ್ನ ಅರಿವು.

ಈ ಕಥೆಯನ್ನು ನೀನು ಎಷ್ಟು ವೇದಿಕೆಯಲ್ಲಿ ಹೇಳಿದ್ದೀಯ! “ಒಳಗಿಂದ ಆಯಿ ಕೂಗಿತು, ‘ತಮಾ, ನೀರು ಹಾಕಿ ಒಳಗೆ ತಗಂಡ್ ಬಾ’ ಹೇಳಿ” ಅಂತ ನೀನು ನಿನ್ನ ತಾಯಿಯ ದನಿ ತೆಗೆದರೆ ಜನ ಉಸಿರು ಬಿಗಿಹಿಡಿಯುತ್ತಿದ್ದರು. ನಾನೂ ಪಕ್ಕದಲ್ಲೇ ಕೂತು ತಲೆ ಆಡಿಸಿದ್ದೇನೆ. ಯೂನಿಯನ್ ಸಭೆಗಳಲ್ಲಿ ನಾನೇ ಹೇಳಿದ್ದೂ ಉಂಟು. ನನಗೆ ಆ ದಿನದ್ದು ಎಲ್ಲವೂ ನೆನಪಿದೆ. ಬೆಳಿಗ್ಗೆಯಿಂದ ತಿಕ್ಕಿ ಉಗುರು ಕಪ್ಪಾಗಿದ್ದು. ನೀನು ಕಾಸಿ ತಂದ ಚಾ, ಸಕ್ಕರೆ ಸುರಿದು ಪಾಯಸ ಮಾಡಿದ್ದೆ. “ಎಂತದಾ, ಇದು ಚಾ ಹೌದನಾ?” ಅಂದರೆ “ಕ್ರಾಂತಿಕಾರಿಗೆ ಬಲ ಬೇಕಲ, ಕುಡಿ” ಅಂದಿದ್ದೆ. ಆಮೇಲೆ ಚೊಂಬು.

ನಮ್ಮವ್ವ ಬೆಳಗಿದ ಪಾತ್ರೆಗೂ ಹಾಗೇ ನೀರು ಬೀಳುತ್ತಿತ್ತು. ಅವಳು ಅತ್ತ ತಿರುಗಿ ಕೂರುತ್ತಿದ್ದಳು. ನಾನು ತಿರುಗಲಿಲ್ಲ, ನೋಡಿದೆ. ನಾವು ಗೇಣಿ ಭೂಮಿಗೆ ಒಡೆಯರಾಗಿ ಹತ್ತು ವರ್ಷ ಆಗಿತ್ತು ಆಗ.

ಈಗ ಪಿನ್ನುಗಳ ಬುಡ ಬಿಡಿಸಿ ನೋಡಿದರೆ ಒಳಗೆಲ್ಲ ತುಕ್ಕಿನ ಉಂಗುರ. ನಲವತ್ತು ಮಳೆಗಾಲದ ತೇವಕ್ಕೂ ತುಕ್ಕು ಬರುತ್ತದೆ ಅನ್ನುತ್ತೀಯ. ಗೊತ್ತು ಮಾರಾಯ, ಲೋಹದ ವಿಷಯ ನನಗೇ ಹೇಳಬೇಡ. ಆದರೂ ಆ ಉಂಗುರ ನೋಡಿದಾಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ.

ಕಾರ್ಡಿಗೆ ಸಹಿ ಹಾಕಿಲ್ಲ. ಖಾಲಿಯೇ ವಾಪಸು ಕಳಿಸುತ್ತಿದ್ದೇನೆ. ಯಾಕೆಂದು ಈ ಸಾಲಿನಲ್ಲೇ ಬರೆಯಬೇಕಿತ್ತು, ಧೈರ್ಯ ಸಾಲುತ್ತಿಲ್ಲ. ಬೀದಿಯಲ್ಲಿ ಲಾಠಿ ತಿಂದವನು ಒಬ್ಬ ಗೆಳೆಯನಿಗೆ ಒಂದು ಮಾತು ಬರೆಯಲು ಹೆದರುತ್ತಿದ್ದೇನೆ.

ಶ್ರೀವಾಣಿ ಒಳ್ಳೆಯ ಹುಡುಗಿ. ನಾವು ಬಿಟ್ಟ ಕೆಲಸ ಹಿಡಿದಿದ್ದಾಳೆ. ಅವಳು ಸುಖವಾಗಿರಲಿ, ಯಾರಿಗೂ ಬಗ್ಗದಿರಲಿ, ನಮ್ಮಿಬ್ಬರಿಗೂ ಸಹ. ನಿನ್ನ ಮಂಡಿ ನೋವು ಬೇಗ ಇಳಿಯಲಿ. ಯಲ್ಲಾಪುರದ ಚಳಿಯಲ್ಲಿ ಬೆಳಿಗ್ಗೆ ತಿರುಗಬೇಡ.

ನಿನ್ನ
ಕೆರಿಯ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಸೀತಾರಾಮ, ಆ ದಿನ ಆಯಿ ಮನೆಯಲ್ಲಿರಲಿಲ್ಲ. ತನ್ನ ತಂಗಿಯ ಮಗಳ ಮದುವೆಗೆ ಯಲ್ಲಾಪುರಕ್ಕೆ ಹೋಗಿ ನಾಲ್ಕು ದಿನ ಆಗಿತ್ತು. ಇದ್ದಿದ್ದರೆ ಚಾ ನೀನೇಕೆ ಕಾಸುತ್ತಿದ್ದೆ? ಒಳಗಿಂದ ಯಾರೂ ಕೂಗಲಿಲ್ಲ. ನಿನ್ನ ಕೈ ತಾನಾಗಿಯೇ ಚೊಂಬಿಗೆ ಹೋಯಿತು. ಸಿದ್ದಾಪುರದಲ್ಲಿ ಮೆರವಣಿಗೆಗೆ ಬಂದಿದ್ದ ದ್ಯಾಮಪ್ಪ “ಯಾಕ್ರೋ, ಬ್ಯಾಜೆಲ್ಲ ಒದ್ದೆ ಅದಾವಲ್ಲ?” ಅಂದಾಗ “ಇವರ ಆಯಿ ನೀರು ಹಾಕ್ಸಿದ್ರು” ಅಂದವನು ನಾನು. ನೀನು ನೆಲ ನೋಡಿದೆ. ನಿನ್ನನ್ನು ಕಳೆದುಕೊಂಡರೆ ನನಗೆ ಹೋರಾಟದಲ್ಲಿ ಯಾರೂ ಉಳಿಯುವುದಿಲ್ಲ ಅನ್ನಿಸಿತ್ತು. ನಿನ್ನನ್ನು ಉಳಿಸಲು ನಾನು ಕಟ್ಟಿದ ಸುಳ್ಳು ಅದು. ಮುಂದಿನ ಸಭೆಯಲ್ಲಿ ನೀನು ಅದನ್ನೇ ನಿನ್ನ ಕಥೆ ಮಾಡಿಕೊಂಡೆ. ಸತ್ತ ಆ ಮುದುಕಿ ನಲವತ್ತು ವರ್ಷ ನಮ್ಮಿಬ್ಬರ ಹೊರೆ ಹೊತ್ತಳು.

ಕಾರ್ಡಿನಿಂದ ತಾಯಿಯನ್ನು ತೆಗೆ. ತೆಗೆದು ಭಾನುವಾರ ತಾ, ನಿಂತಲ್ಲೇ ಸಹಿ ಹಾಕುತ್ತೇನೆ, ನನ್ನ ಸುಳ್ಳನ್ನೂ ಸೇರಿಸಿ. ತೆಗೆಯದಿದ್ದರೆ ಮೂವತ್ತು ಬ್ಯಾಜು ನನ್ನಲ್ಲೇ ಇರುತ್ತವೆ. ಒಂದನ್ನು ಈ ಲಕೋಟೆಯಲ್ಲಿಟ್ಟಿದ್ದೇನೆ, ಬೆಳಗಿಲ್ಲ. ಹಿಂದೆ ತಿರುಗಿಸಿ ನೋಡು. ಅದಕ್ಕೆ ನೀರು ತಾಗಿಸಬೇಡ.