ಹಯಾತ್ ಕೇಳಿದ ಪ್ರಶ್ನೆ

ಲಸ್ಸಾದ್,

ಇದನ್ನು ಹೇಗೂ ಕಳಿಸುವುದಿಲ್ಲ, ಅದಕ್ಕೇ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನೀನು ಸಿಟ್ಟಾಗಿ ನಮ್ಮ ಡೇಟಾಬೇಸ್ ಬಳಗ ಬಿಟ್ಟ ಮೇಲೆ ನಮ್ಮೂರು ಸ್ಫಾಕ್ಸ್‌ನಲ್ಲಿ ಇನ್ನು ಯಾರೂ ಸೇರಲಾರರು ಎಂದು ಹೆದರಿದ್ದೆ. ಇಂದು ಸೇರಿದರು. ಆಲಿವ್ ಎಣ್ಣೆ ಗಿರಣಿಯ ಹಯಾತ್ ಮೊದಲ ಸಲ ಬಾಯಿಬಿಟ್ಟಳು: "ಗಿರಣಿ ಲೆಕ್ಕ ಹುಡುಕೋ ನನ್ನ ಕ್ವೆರಿ ಯಾಕಿಷ್ಟು ನಿಧಾನ?"

"ನಂಗೂ ಗೊತ್ತಿಲ್ಲ ಕಣಮ್ಮಾ, ತೋರ್ಸು," ಎಂದರು ಹಿರಿಯ ತಿಜಾನಿ. ಎಲ್ಲರೂ ಅವಳ ಲ್ಯಾಪ್‌ಟಾಪಿನ ಮೇಲೆ ಬಾಗಿ, ಚಹಾ ಆರುವವರೆಗೂ ವಾದಿಸಿ, ಕೊನೆಗೆ ಹುಡುಕಾಟ ಚುರುಕಾಗಿಸುವ ಇಂಡೆಕ್ಸ್ ಇಲ್ಲದ್ದನ್ನು ಪತ್ತೆಹಚ್ಚಿದೆವು.

"ಲಸ್ಸಾದ್ ಇದ್ದಿದ್ರೆ ಒಂದೇ ನಿಮಿಷ," ಎಂದೆ.

"ಅವನಿದ್ದಿದ್ರೆ ಇವಳು ಕೇಳ್ತಾನೇ ಇರ್ಲಿಲ್ಲ. 'ಇಷ್ಟೂ ಗೊತ್ತಿಲ್ವಾ?'" ಎಂದು ತಿಜಾನಿ ನಿನ್ನ ದನಿಯನ್ನೇ ಅಣಕಿಸಿದರು. ಹಯಾತ್ ನಕ್ಕಳು. ನಾನೂ ನಕ್ಕೆ. ಎದೆ ಹಗುರಾಯಿತು; ಬಳಗ ಉಳಿಯುತ್ತದೆ.

ಆದರೆ ಉತ್ತರ ಸಿಕ್ಕಾಗ ನಾನು ಮೊದಲು ತಿರುಗಿ ನೋಡಿದ್ದು, ನೀನು ಕೈಕಟ್ಟಿ ನಿಲ್ಲುತ್ತಿದ್ದ ಕಿಟಕಿಯ ಕಡೆಗೆ.

ವಿದಾದ್