ಕಳ್ಳಿ ತಿನ್ನುವ ಹುಳ

ಆದವಾನಿ
೧೧ ಮೇ ೧೯೩೨, ಬುಧವಾರ

ಕೊಯಮತ್ತೂರಿನಲ್ಲಿ ಹುಳಗಳ ಉಪಚಾರದಲ್ಲಿ ಮುಳುಗಿರುವ ನಮ್ಮ ಮನೆಯವರಿಗೆ, ಇಲ್ಲಿ ಒಬ್ಬಳೇ ಕುಳಿತಿರುವ ನಿಮ್ಮ ಗಾದಿಲಿಂಗಿಯ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಎರಡು ಪುಟ ಹುಳಗಳ ಕ್ಷೇಮಸಮಾಚಾರ, ಕೊನೆಗೆ ಒಂದು ಸಾಲು ನನ್ನ ಪಾಲಿಗೆ. ಇರಲಿ, ಹುಳಗಳ ಮೇಲೆ ಸವತಿಮತ್ಸರ ಮಾಡುವವಳಲ್ಲ ನಾನು. ಆದರೆ ನೀವು ಬರೆದ ಒಂದು ಮಾತಿಗೆ ಇಂದೇ ಉತ್ತರ ಬರೆಯಲು ಕೂತಿದ್ದೇನೆ. ಮರಳಿ ಬಂದ ಮೇಲೆ ನನ್ನ ತವರು ದೇವನಕೊಂಡದ ಸೀಮೆಗೆ ಹುಳ ಬಿಡುತ್ತೀರಂತೆ. ಬೇಡ. ನಿಮ್ಮ ಕಾಲಿಗೆ ಬೀಳುತ್ತೇನೆ, ಬೇಡ.

ನಿಮ್ಮ ಕೆಲಸ ಕೆಟ್ಟದ್ದೆಂದು ನಾನು ಎಂದೂ ಅಂದವಳಲ್ಲ. ಪಾಪಾಸುಕಳ್ಳಿ ಹೊಲಗಳನ್ನೆಲ್ಲ ನುಂಗಿ ಕೂತಿತ್ತು. ಕಡಿದರೂ ಸುಟ್ಟರೂ ಮತ್ತೆ ಚಿಗುರುತ್ತಿತ್ತು. ಕಳ್ಳಿಯನ್ನಲ್ಲದೆ ಬೇರೇನನ್ನೂ ಮುಟ್ಟದ ಈ ಹುಳವನ್ನು ನೀವು ಹಿತ್ತಲಲ್ಲಿ ಸಾಕಿ, ಹುಳ ಹತ್ತಿದ ಎಲೆಗಳನ್ನು ಹೊಸ ಕಳ್ಳಿಯ ಮೇಲೆ ಇಟ್ಟು ಬಂದಿರಿ. ನೋಡನೋಡುತ್ತ ಹತ್ತಿ ಬಿತ್ತುವಷ್ಟು ನೆಲ ಬಯಲಾಯಿತು. ಆಗ ನನಗೂ ಹೆಮ್ಮೆಯೇ. ಹೋದ ವರ್ಷದ ಉಗಾದಿಗೆ ನಮ್ಮವ್ವ ಬಂದಾಗ ಹಿತ್ತಲಿಗೆ ಕರೆದೊಯ್ದು ತೋರಿಸಿದ್ದೆ. ಹತ್ತಿಯಂತೆ ಬೆಳ್ಳಗೆ ಅಂಟಿದ್ದ ಹುಳವನ್ನು ಅವ್ವ ಬೆರಳಲ್ಲಿ ಒತ್ತಿದಳು, ಅಂಗೈಯೆಲ್ಲ ಕೆಂಪಾಯಿತು. ‘ಯವ್ವಾ, ಇಂಥಾ ಬಣ್ಣ ಯಾವ ಅಂಗಡ್ಯಾಗ ಸಿಗತೈತಿ?’ ಎಂದು ಕಣ್ಣರಳಿಸಿದಳು. ಕುರಿ ಸಾಕುವ ಮನೆಯವಳು, ಹುಟ್ಟಿದಾಗಿನಿಂದ ಉಣ್ಣೆ ನೂತವಳು. ಬಣ್ಣ ಕಂಡರೆ ಸುಮ್ಮನಿರುತ್ತಾಳೆಯೇ? ನೀವೂ ನಾನೂ ನಕ್ಕೆವು.

ಈಗ ನಗು ಬರುತ್ತಿಲ್ಲ. ಹೋದ ವಾರ ಪಕ್ಕದ ಮನೆಯ ಪಕೀರಮ್ಮನ ಆಡಿನ ಮರಿಯನ್ನು ತೋಳ ಹೊತ್ತೊಯ್ದಿತು. ಹಾಡೇ ಹಗಲು, ಅಂಗಳದಿಂದ. ಹಿತ್ತಲ ಕಡೆಯ ಕಳ್ಳಿಬೇಲಿ ಹುಳ ಹತ್ತಿ ಕೊಳೆತು ಬಿದ್ದಿತ್ತಲ್ಲ, ಅದೇ ದಾರಿಯಿಂದ ಬಂತು. ಪಕೀರಮ್ಮ ನನ್ನ ಬಾಗಿಲಿಗೇ ಬಂದು, ‘ಮುಳ್ಳು ಇರೋ ತನಕ ತ್ವಾಳ ಹೊರಗ ಕುಂತು ಕೂಗತಿತ್ತು. ನಿನ್ನ ಗಂಡ ಅದಕ್ಕ ಬಾಗಿಲಾ ತೆಗದಾನ’ ಎಂದಳು.

ನಿಮಗೆ ಗಾಬರಿಯಾದೀತೆಂದು ಇನ್ನೊಂದು ವಿಷಯ ಮುಚ್ಚಿಟ್ಟಿದ್ದೆ. ಕೇರಿಯಲ್ಲಿ ಸಿಡುಬು ಎದ್ದಿದೆ. ನಮ್ಮ ಸುಂಕಿಯನ್ನು ಬಂಡಿ ಮಾರೆಣ್ಣನ ಜೊತೆ ದೇವನಕೊಂಡಕ್ಕೆ, ಅವ್ವನ ಹತ್ತಿರ ಕಳಿಸಿಬಿಟ್ಟೆ. ಮೂರು ವರ್ಷದ ಕೂಸು, ದೂರ ಇದ್ದರೆ ಬದುಕೀತು ಎಂದುಕೊಂಡೆ. ನಾನೂ ಹೋಗುತ್ತಿದ್ದೆ, ನಿಮ್ಮ ಹುಳಗಳನ್ನು ಕಾಯುವವರು ಯಾರು? ಅವ್ವನ ಹಟ್ಟಿ ಊರ ಹೊರಗಿದೆ. ಬೇಸಿಗೆಯೆಂದು ದೊಡ್ಡ ಕುರಿಗಳನ್ನು ತುಂಗಭದ್ರೆಯ ಕಡೆಗೆ ಹೊಡೆದುಕೊಂಡು ಹೋಗಿದ್ದಾರೆ, ನಾಯಿಗಳೂ ಅವುಗಳ ಹಿಂದೆ. ಹಟ್ಟಿಯಲ್ಲಿ ಉಳಿದದ್ದು ಅವ್ವ, ಕುರಿಮರಿಗಳು, ನಮ್ಮ ಸುಂಕಿ. ಸೆಕೆಗೆ ಬಯಲಲ್ಲೇ ಮಲಗುತ್ತಾರೆ. ಅವರಿಗೆ ಗೋಡೆಯಿಲ್ಲ, ನಮ್ಮಜ್ಜ ಹಚ್ಚಿದ ಆಳೆತ್ತರದ ಕಳ್ಳಿಬೇಲಿ ಒಂದೇ ಇದೆ.

ಅದಕ್ಕೇ ಬೇಡಿಕೊಳ್ಳುತ್ತಿದ್ದೇನೆ. ನಿಮ್ಮ ಇಲಾಖೆಯ ದೊರೆಯ ಮುಂದೆ ಏನಾದರೂ ನೆಪ ಹೇಳಿ. ಅಲ್ಲಿಯವರು ಮೊದಲು ಕಲ್ಲುಗೋಡೆ ಹಾಕಿಕೊಳ್ಳಲಿ, ಆಮೇಲೆ ಹುಳ ಬಿಡಿ. ನನಗೆ ಹೆದರಿಕೆಯಾಗುತ್ತಿದೆ, ಊಟ ಸೇರುತ್ತಿಲ್ಲ. ಸದ್ಯ ಹುಳ ಇನ್ನೂ ದೇವನಕೊಂಡಕ್ಕೆ ಹೋಗಿಲ್ಲ ಎನ್ನುವುದೊಂದೇ ನನಗಿರುವ ಧೈರ್ಯ. ನೀವಾದರೂ ಹೊತ್ತಿಗೆ ಸರಿಯಾಗಿ ಉಣ್ಣಿ.

ನೀವು ಕಲಿಸಿದ ಅಕ್ಷರದಲ್ಲೇ ನಿಮ್ಮೊಡನೆ ಜಗಳಕ್ಕೆ ನಿಂತಿರುವ,
ಗಾದಿಲಿಂಗಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಬಂಡಿ ಮಾರೆಣ್ಣ ಬಂದ. ಅವ್ವ ಅಳಿಯನಿಗೆಂದು ಕಂಬಳಿ ನೇಯಿಸಿ ಕಳಿಸಿದ್ದಾಳೆ. ಬಿಚ್ಚಿ ನೋಡಿದರೆ ಅಂಚೆಲ್ಲ ಅದೇ ಕೆಂಪು. ಆ ಉಗಾದಿಗೆ ಬಂದವಳು ನಮಗೆ ಹೇಳದೆ, ಹುಳ ಹತ್ತಿದ ಎಲೆಗಳನ್ನು ಬುಟ್ಟಿಯಲ್ಲಿ ಒಯ್ದು, ಬಣ್ಣ ಬೆಳೆಯಲೆಂದು ತನ್ನ ಬೇಲಿಗೇ ಹಚ್ಚಿದ್ದಾಳಂತೆ. ಬೇಲಿ ಹೇಗಿದೆ ಎಂದು ಮಾರೆಣ್ಣನನ್ನು ಕೇಳಿದೆ. ಅವನು ನಕ್ಕ. ‘ಪೂರಾ ಬೆಳ್ಳಗಾಗಿ ಕುಸದೈತಿ ಅಕ್ಕಾ. ಏಮೀ ಕಾದು, ಏನೂ ಆಗಂಗಿಲ್ಲ ಬಿಡು. ಬೇಲಿ ಬಿದ್ದ ಕಡೆ ನಿಮ್ಮವ್ವ ಹೊರಸು ಅಡ್ಡ ಹಾಕ್ಯಾಳ. ಕೂಸಿನ್ನ ಬಗಲಾಗ ಹಾಕ್ಕೊಂಡು ಆಕಿ ಅದರ ಮ್ಯಾಲೇ ಮಕ್ಕಂತಾಳ.’

ಆ ಕಡೆಗೆ ಹೋಗುವ ಪತ್ತಿಕೊಂಡದ ಮೋಟಾರು ಬಸ್ಸು ಬೆಳಿಗ್ಗೆಯೇ ಹೋಗಿದೆ. ಮಾರೆಣ್ಣನ ಬಂಡಿಯಲ್ಲಿ ಈಗಲೇ ಹೊರಡುತ್ತೇನೆ. ನಿಮ್ಮ ಹುಳಗಳು ಏನಾದರೂ ಆಗಲಿ. ಈ ಕಾಗದವನ್ನು ಪಕೀರಮ್ಮ ಅಂಚೆಗೆ ಹಾಕುತ್ತಾಳೆ. ಎತ್ತುಗಳನ್ನು ಎಷ್ಟು ಹೊಡೆದರೂ ದೇವನಕೊಂಡ ಮುಟ್ಟುವುದು ನಾಳೆಯೇ ಅಂತೆ. ನಡುವೆ ಒಂದು ರಾತ್ರಿ ಇದೆ.